ಅದಿರು ಮತ್ತು ಒರತೆ: ಭದ್ರೆಯ ಉಗಮದಲ್ಲಿ ಗಣಿಗಾರಿಕೆಯ ಪ್ರಶ್ನೆ

1. ಹೆಸರು ಮತ್ತು ಬೆಲೆ

ಕನ್ನಡದಲ್ಲಿ 'ಗಣಿ' ಎಂಬುದು ಹೊಗಳಿಕೆಯ ಮಾತು. ಸಂಸ್ಕೃತದ 'ಖನಿ'ಯ ತದ್ಭವವಾದ ಈ ಶಬ್ದವನ್ನು ಸಜ್ಜನರನ್ನೂ ವಿದ್ವಾಂಸರನ್ನೂ ಕೊಂಡಾಡುವಾಗ 'ಗುಣದ ಗಣಿ', 'ವಿದ್ಯೆಯ ಗಣಿ' ಎಂದು ಬಳಸುವುದು ರೂಢಿ. 'ಜೌಗು', 'ಕೆಸರು', 'ಹುದುಲು' ಎಂಬ ಮಾತುಗಳಿಗೆ ಈ ಭಾಗ್ಯವಿಲ್ಲ. ಕಮಲಕ್ಕೆ ಹಿನ್ನೆಲೆಯಾಗಿ ಒದಗಿದಾಗ ಮಾತ್ರ ಕೆಸರಿಗೆ ಕಾವ್ಯದಲ್ಲಿ ಎಡೆ ದೊರೆಯುತ್ತದೆ. ಉಳಿದಂತೆ ಅದು ಕಾಲು ಹುಗಿಯುವ, ಹೇಗಾದರೂ ದಾಟಿಹೋಗಬೇಕಾದ ತಾಣ.

ಆಡಳಿತದ ಕನ್ನಡದಲ್ಲಿ ಈ ಭೇದ ಇನ್ನಷ್ಟು ಸ್ಪಷ್ಟವಾಗಿದೆ. ಕಂದಾಯದ ದಾಖಲೆಗಳು ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸುತ್ತವೆ. ಮೂರೂ ಬೆಳೆ ಮತ್ತು ತೆರಿಗೆಗಳ ಲೆಕ್ಕದಿಂದ ಹುಟ್ಟಿದ ವಿಭಾಗಗಳು. ಬೆಳೆಯಿಲ್ಲದ, ಆದಕಾರಣ ಕಂದಾಯವೂ ಇಲ್ಲದ ಹಳ್ಳ, ಜೌಗು, ಕಲ್ಲುನೆಲಗಳೆಲ್ಲ 'ಖರಾಬು'. ಅರಬ್ಬೀ ಮೂಲದ್ದಾಗಿ ಪಾರಸಿಯ ಮೂಲಕ ಕನ್ನಡಕ್ಕೆ ಬಂದ ಈ ಪದಕ್ಕೆ ಕೆಟ್ಟದ್ದು, ಹಾಳಾದದ್ದು ಎಂದರ್ಥ. ದನಕರುಗಳಿಗೆ ಮೇವನ್ನೂ ಹಳ್ಳಗಳಿಗೆ ನೀರನ್ನೂ ಕೊಡುವ ಹುಲ್ಲುನೆಲ ಕೂಡ ದಾಖಲೆಯಲ್ಲಿ 'ಹುಲ್ಲುಬನ್ನಿ ಖರಾಬು' ಎನಿಸಿಕೊಳ್ಳುತ್ತದೆ.

ಜನರ ಆಡುಮಾತಿನ ವಿವೇಕ ಬೇರೆಯಾದುದು. ನಾಗರಹೊಳೆ ಮತ್ತು ಕೊಡಗಿನ ಸೀಮೆಯಲ್ಲಿ ಕಾಡಿನ ನಡುವಣ ಜೌಗು ಹುಲ್ಲುಗಾವಲಿಗೆ 'ಹಡ್ಲು' ಎಂಬ ಹೆಸರಿದೆ. ಉತ್ತರ ಕನ್ನಡದಲ್ಲಿ ಕಾಡುರಾಮಪತ್ರೆಯ ಮರಗಳು ನೀರೊಳಗೆ ಬೇರೂರಿ ನಿಲ್ಲುವ ತಾಣ 'ಜಡ್ಡಿ'. ನೆಲದಿಂದ ನೀರು ಜಿನುಗುವೆಡೆ 'ಒರತೆ', ಉಕ್ಕಿ ಬರುವೆಡೆ 'ಊಟೆ'. ಇವೆಲ್ಲ ನೀರಿನ ನಡೆಯನ್ನು ಗಮನಿಸಿ ಇಟ್ಟ ಹೆಸರುಗಳು. ನೆಲವೊಂದು ಉಳಿಯುವುದೋ ಅಳಿಯುವುದೋ ಎಂಬುದು ಅದನ್ನು ಯಾವ ಹೆಸರಿನಿಂದ ಎಣಿಸಲಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ಈ ಮಾತಿಗೆ ಕರ್ನಾಟಕದಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ನಿದರ್ಶನ ಕುದುರೆಮುಖದ್ದು. ಅಲ್ಲಿನ ಬೆಟ್ಟಗಳನ್ನು 'ಅದಿರು' ಎಂದು ಎಣಿಸಿದ ಕಾಲವೊಂದಿತ್ತು. 'ಒರತೆ' ಎಂದು ಎಣಿಸಿದ ಮೇಲೆಯೇ ಅವುಗಳ ವಿಧಿ ಬದಲಾಯಿತು.

2. ಬೆಟ್ಟದ ನೆತ್ತಿಯ ನೀರು

ಚಿಕ್ಕಮಗಳೂರು, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಕೂಡುವಲ್ಲಿ ಹಬ್ಬಿರುವ ಕುದುರೆಮುಖ ಶ್ರೇಣಿ ಪಶ್ಚಿಮಘಟ್ಟದ ಅತಿ ಹೆಚ್ಚು ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಅಲ್ಲಿನ ವಾರ್ಷಿಕ ಮಳೆ ಸರಾಸರಿ ಸುಮಾರು 7,000 ಮಿಲಿಮೀಟರ್. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿ ಸುರಿದುಹೋಗುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಇಲ್ಲಿನ ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುತ್ತವೆ ಎಂಬುದು ಪರಂಪರೆಯ ನಂಬಿಕೆ. ಮೊದಲೆರಡು ಪೂರ್ವಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ ತುಂಗಭದ್ರೆಯಾಗುತ್ತವೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನ ಬಳಿ ಕಡಲನ್ನು ಸೇರುತ್ತದೆ.

ನಾಲ್ಕು ತಿಂಗಳ ಮಳೆ ಹನ್ನೆರಡು ತಿಂಗಳ ಹೊಳೆಯಾಗುವುದು ಹೇಗೆ ಎಂಬುದೇ ಇಲ್ಲಿನ ನಿಸರ್ಗದ ಮುಖ್ಯ ಪ್ರಶ್ನೆ. ಉತ್ತರವಿರುವುದು ಬೆಟ್ಟದ ಮೈಯಲ್ಲಿ. ದಿಣ್ಣೆಗಳನ್ನೂ ಇಳಿಜಾರುಗಳನ್ನೂ ಹುಲ್ಲು ಹೊದ್ದಿರುತ್ತದೆ. ಎರಡು ದಿಣ್ಣೆಗಳ ನಡುವಣ ಮಡಿಲಿನಲ್ಲಿ ಗಿಡ್ಡ ಮರಗಳ ದಟ್ಟ ಕಾಡು ಬೆಳೆದಿರುತ್ತದೆ. ತಮಿಳಿನ 'ಸೋಲೈ' ಶಬ್ದದಿಂದ ಬಂದ 'ಶೋಲಾ' ಎಂಬುದು ಇಂಥ ಕಾಡಿಗೆ ಈಗ ಎಲ್ಲೆಡೆ ನಿಂತಿರುವ ಹೆಸರು. ಹುಲ್ಲಿನ ಹೆಣೆದ ಬೇರುಗಳು ಮಳೆಯ ಹೊಡೆತವನ್ನು ತಡೆದು ಮಣ್ಣನ್ನು ಹಿಡಿದಿಡುತ್ತವೆ. ಇಂಗಿದ ನೀರು ಮೆಲ್ಲಗೆ ಕೆಳಕ್ಕೆ ಸರಿದು ಶೋಲಾದ ತರಗೆಲೆಯ ಮೆತ್ತೆಯಲ್ಲಿ, ಕಪ್ಪು ಮಣ್ಣಿನಲ್ಲಿ ತಂಗುತ್ತದೆ. ಅಲ್ಲಿಂದ ಅದು ಒರತೆಯಾಗಿ, ಹನಿಹನಿಯಾಗಿ, ಬೇಸಗೆಯುದ್ದಕ್ಕೂ ಹಳ್ಳಕ್ಕೆ ಇಳಿಯುತ್ತಿರುತ್ತದೆ. ಕೆರೆಯಂತೆ ಕಣ್ಣಿಗೆ ಕಾಣದಿದ್ದರೂ ಇದು ನೀರಿನ ಕಣಜವೇ. ಮಾರ್ಚ್–ಏಪ್ರಿಲ್‌ನಲ್ಲಿ ಭದ್ರೆಯಲ್ಲಿ ಹರಿಯುವ ನೀರು ಹಿಂದಿನ ಆಷಾಢ–ಶ್ರಾವಣಗಳ ಮಳೆಯನ್ನು ಈ ನೆಲ ಜತನವಾಗಿ ಉಳಿಸಿಕೊಟ್ಟ ಪಾಲು.

ಮರಗಳಿಲ್ಲದ ದಿಣ್ಣೆಯನ್ನು ಕಂಡು 'ಬರಿಯ ಹುಲ್ಲು' ಎನ್ನುವುದು ಸುಲಭ. ಅಂಥ ನೋಟಕ್ಕೆ ಹುಲ್ಲನ್ನು ಸುಲಿದು ಅಗೆದರೆ ಕಾಡು ಕಡಿದಂತಾಗಲಿಲ್ಲವಲ್ಲ ಎಂಬ ಸಮಾಧಾನವೂ ದೊರೆಯುತ್ತದೆ. ವಾಸ್ತವದಲ್ಲಿ ಹುಲ್ಲು ಮತ್ತು ಶೋಲಾಗಳು ಒಂದೇ ದೇಹದ ಎರಡು ಅಂಗಗಳು. ಒಂದನ್ನು ತೆಗೆದು ಇನ್ನೊಂದನ್ನು ಉಳಿಸಿಕೊಳ್ಳಲಾಗದು.

3. ಗಣಿಯ ಮೂರು ದಶಕಗಳು

ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆ ಎಂಬುದನ್ನು 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಗುರುತಿಸಿದರು. ಅದು ಮ್ಯಾಗ್ನೆಟೈಟ್ ಎಂಬ ಬಗೆಯ, ಕಬ್ಬಿಣದ ಅಂಶ ಕಡಿಮೆಯಿರುವ ಅದಿರಾದ್ದರಿಂದ ಬಹುಕಾಲ ಯಾರೂ ಅದರ ಗೋಜಿಗೆ ಹೋಗಲಿಲ್ಲ. 1969ರಲ್ಲಿ 30 ವರ್ಷಗಳ ಅವಧಿಗೆ ಗಣಿ ಗುತ್ತಿಗೆ ಆರಂಭವಾಯಿತು. ಅದರ ವಿಸ್ತೀರ್ಣ 4,600 ಹೆಕ್ಟೇರ್‌ಗಳಿಗೂ ಹೆಚ್ಚು. 1975ರಲ್ಲಿ ಇರಾನಿನೊಡನೆ ಬಂಡವಾಳ ಮತ್ತು ಖರೀದಿಯ ಒಪ್ಪಂದವಾಗಿ, 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಕೇಂದ್ರ ಸರ್ಕಾರದ ಉದ್ಯಮವಾಗಿ ಸ್ಥಾಪನೆಗೊಂಡಿತು. 1979ರ ಕ್ರಾಂತಿಯ ತರುವಾಯ ಇರಾನ್ ಹಿಂದೆ ಸರಿಯಿತು. ಅಷ್ಟರಲ್ಲಿ ಕಾಮಗಾರಿ ಬಹುದೂರ ಸಾಗಿದ್ದುದರಿಂದ ಬೇರೆ ದೇಶಗಳ ಮಾರುಕಟ್ಟೆಯನ್ನು ಅರಸಿ, 1980ರ ದಶಕದ ಆರಂಭದಿಂದ ರಫ್ತನ್ನು ನಡೆಸಲಾಯಿತು.

ಇಲ್ಲಿನ ಗಣಿಗಾರಿಕೆಯ ವಿಧಾನ ನೀರಿನೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿತ್ತು. ಬೆಟ್ಟವನ್ನು ಮೆಟ್ಟಿಲುಮೆಟ್ಟಿಲಾಗಿ ಕಡಿದು, ಅದಿರನ್ನು ಹುಡಿಮಾಡಿ, ನೀರಿನ ನೆರವಿನಿಂದ ಕಬ್ಬಿಣದ ಅಂಶವನ್ನು ಬೇರ್ಪಡಿಸಲಾಗುತ್ತಿತ್ತು. ಸಾರಗೊಳಿಸಿದ ಅದಿರು ನೀರಿನೊಡನೆ ಕಲಸಿದ ರಾಡಿಯ ರೂಪದಲ್ಲಿ 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಘಟ್ಟವಿಳಿದು ಪಣಂಬೂರನ್ನು ಸೇರುತ್ತಿತ್ತು. ಅಗೆದದ್ದರ ಹೆಚ್ಚಿನ ಭಾಗ ಹುಡಿಯಾದ ಕಸವಾಗಿ ಉಳಿಯುತ್ತಿತ್ತು. ಅದನ್ನು ನಿಲ್ಲಿಸಲು ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಕಟ್ಟೆಯನ್ನು ಕಟ್ಟಲಾಯಿತು. ಒಂದು ಕಣಿವೆಯೇ ಹೂಳಿನ ಕಣಿವೆಯಾಯಿತು.

ಕಟ್ಟೆ ತಡೆಯುವುದು ಕಾರ್ಖಾನೆಯಿಂದ ಹೊರಬಿದ್ದ ಹುಡಿಯನ್ನು. ಸುಲಿದ ಬೆಟ್ಟದ ಮೈಯಿಂದ, ರಸ್ತೆಗಳಿಂದ, ರಾಶಿ ಹಾಕಿದ ಮಣ್ಣಿನಿಂದ ಮಳೆಗಾಲದಲ್ಲಿ ಕೊಚ್ಚಿಬರುವ ಹೂಳು ನೇರವಾಗಿ ಹೊಳೆಗೆ ಇಳಿಯುತ್ತಿತ್ತು. ಈ ಪ್ರದೇಶದಲ್ಲಿ ಭದ್ರೆಯ ನೀರನ್ನು ಅಳೆದು ನಡೆಸಿದ, 2006ರಲ್ಲಿ ಪ್ರಕಟವಾದ ವೈಜ್ಞಾನಿಕ ಅಧ್ಯಯನವೊಂದು, ಜಲಾನಯನದ ಅತಿ ಸಣ್ಣ ಭಾಗವಾಗಿದ್ದ ಗಣಿಪ್ರದೇಶ ನದಿಯ ಹೂಳಿನಲ್ಲಿ ಅದಕ್ಕೆ ಹೋಲಿಸಲಾಗದಷ್ಟು ದೊಡ್ಡ ಪಾಲನ್ನು ಕೊಡುತ್ತಿತ್ತು ಎಂಬುದನ್ನು ತೋರಿಸಿತು.

4. ಹೂಳು ಮತ್ತು ಜೀವಲೋಕ

ಹೊಳೆಯಲ್ಲಿ ಕೆಮ್ಮಣ್ಣಿನ ನೀರು ಹರಿಯುವುದು ಮಳೆಗಾಲದ ಸಹಜ ನೋಟವಲ್ಲವೆ ಎಂಬ ಶಂಕೆ ಇಲ್ಲಿ ಏಳಬಹುದು. ಸಹಜವಾದ ಕೆನ್ನೀರಿಗೂ ಗಣಿಯ ಹೂಳಿಗೂ ಇರುವ ಅಂತರವನ್ನು ತಿಳಿಯಬೇಕಾದರೆ ಮಲೆನಾಡಿನ ಹೊಳೆಯ ತಳವನ್ನು ನೋಡಬೇಕು. ಅಲ್ಲಿ ಮೀನು ಮೊಟ್ಟೆಯಿಡುವುದೂ ಜಲಕೀಟಗಳ ಮರಿಗಳು ಬೆಳೆಯುವುದೂ ಉರುಟುಗಲ್ಲುಗಳ ಸಂದುಗಳಲ್ಲಿ. ಸಂದುಗಳ ನಡುವೆ ನೀರು ಆಡುತ್ತಿರುವವರೆಗೆ ಮೊಟ್ಟೆಗೆ ಉಸಿರು ದೊರೆಯುತ್ತದೆ. ನಯವಾದ ಹುಡಿ ಅಲ್ಲಿ ಕುಳಿತರೆ ಮೊಟ್ಟೆಗಳು ಉಸಿರುಗಟ್ಟಿ ಸಾಯುತ್ತವೆ. ಕಲ್ಲಿನ ಮೇಲಣ ಪಾಚಿಗೆ ಬೆಳಕು ತಾಗದೆ ಅದನ್ನು ಮೇಯುವ ಜೀವಿಗಳು ಕಡಿಮೆಯಾಗುತ್ತವೆ. ಕೀಟ ಕುಗ್ಗಿದರೆ ಮೀನು ಕುಗ್ಗುತ್ತದೆ. ಮೀನು ಕುಗ್ಗಿದರೆ ನೀರುನಾಯಿಯೂ ಮಿಂಚುಳ್ಳಿಯೂ ಜಾಗ ಬಿಡುತ್ತವೆ. ನದಿ ಹರಿಯುತ್ತಲೇ ಇರುತ್ತದೆ, ಆದರೆ ಬರಿದಾಗಿರುತ್ತದೆ.

ಈ ಹೊಳೆಗಳ ಮೀನನ್ನು ಕಾಪಾಡುವ ಪರಿಪಾಠ ಮಲೆನಾಡಿಗೆ ಹೊಸದಲ್ಲ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ದೊಡ್ಡ ಮೀನುಗಳು ಹಿಂಡುಗಟ್ಟಿ ನಿರ್ಭಯವಾಗಿ ಈಜುತ್ತವೆ. ದೇವರ ಮೀನೆಂಬ ಭಾವನೆಯಿಂದ ಅವನ್ನು ಯಾರೂ ಹಿಡಿಯುವುದಿಲ್ಲ. ಬಲೆಯಿಂದ ಮೀನನ್ನು ಕಾಯಲು ಭಕ್ತಿ ಸಾಕು. ಮೇಲಿನಿಂದ ಬರುವ ಹೂಳಿನಿಂದ ಕಾಯಲು ಬೆಟ್ಟವನ್ನೇ ಕಾಯಬೇಕಾಗುತ್ತದೆ.

ಬೆಟ್ಟದ ಕಾಡುಗಳಲ್ಲಿ ಪಶ್ಚಿಮಘಟ್ಟದಲ್ಲಲ್ಲದೆ ಬೇರೆಲ್ಲೂ ಸಿಗದ ಸಿಂಹಬಾಲದ ಸಿಂಗಳೀಕವಿದೆ. ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಡೆಸಿದ ಸಿಂಗಳೀಕಗಳ ಸಮೀಕ್ಷೆ ಈ ಪ್ರದೇಶದ ರಕ್ಷಣೆಗೆ ಮುಖ್ಯ ಆಧಾರವಾಯಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನದ ಮೊದಲ ಅಧಿಸೂಚನೆ ಹೊರಬಿದ್ದಿತು. ರಕ್ಷಿತ ಕಾಡು ಮತ್ತು ಬೃಹತ್ ಗಣಿ, ಎರಡೂ ಒಂದೇ ಬೆಟ್ಟಸಾಲಿನಲ್ಲಿ ಒಟ್ಟಿಗೆ ಬಾಳಬೇಕಾಗಿ ಬಂದ ವಿಚಿತ್ರ ಸನ್ನಿವೇಶ ಹೀಗೆ ಉಂಟಾಯಿತು.

5. ಹೊಸ ಪ್ರಸ್ತಾವ, ವಿರೋಧ, ತೀರ್ಪು

1999ರ ಜುಲೈಯಲ್ಲಿ ಗುತ್ತಿಗೆಯ ಅವಧಿ ಮುಗಿಯಿತು. ಅದನ್ನು ಮುಂದುವರಿಸಬೇಕೆಂಬ ಕೋರಿಕೆಯ ಜೊತೆಗೆ, ಅಲ್ಲಿಯವರೆಗೆ ಮುಟ್ಟದಿದ್ದ ಗಂಗ್ರಿಕಲ್ಲು ಮತ್ತು ನೆಲ್ಲಿಬೀಡು ಪ್ರದೇಶಗಳಿಗೂ ಗಣಿಗಾರಿಕೆಯನ್ನು ವಿಸ್ತರಿಸುವ ಪ್ರಸ್ತಾವವಿತ್ತು. ಅದುವರೆಗಿನ ವಾದ ಆಗಿಹೋದ ಹಾನಿಯನ್ನು ಕುರಿತದ್ದಾಗಿತ್ತು. ಈಗ ಮುಂದಾಗಬಹುದಾದ ಹಾನಿಯನ್ನು ತಡೆಯುವ ಪ್ರಶ್ನೆ ಎದುರಾಯಿತು. ಗಂಗಾಮೂಲದ ಪರಿಸರವೇ ಅಗೆತಕ್ಕೆ ಒಳಗಾಗಬಹುದೆಂಬ ಅರಿವು ಮಲೆನಾಡಿನಲ್ಲಿಯೂ ಕೆಳಗಿನ ಬಯಲುಸೀಮೆಯಲ್ಲಿಯೂ ಜನರನ್ನು ಎಚ್ಚರಿಸಿತು. ರೈತರು, ವಿದ್ಯಾರ್ಥಿಗಳು, ಲೇಖಕರು, ವಿಜ್ಞಾನಿಗಳು ಈ ವಿರೋಧದಲ್ಲಿ ಒಂದುಗೂಡಿದರು. ಸಿಂಗಳೀಕದ ಪ್ರಶ್ನೆ ಕಾಡಿನದ್ದಾಗಿದ್ದರೆ ಭದ್ರೆಯ ಪ್ರಶ್ನೆ ಗದ್ದೆ ತೋಟಗಳದ್ದೂ ಆಗಿತ್ತು. ಲಕ್ಕವಳ್ಳಿಯ ಭದ್ರಾ ಜಲಾಶಯವನ್ನು ನಂಬಿದ ಶಿವಮೊಗ್ಗ, ದಾವಣಗೆರೆ ಸೀಮೆಯ ರೈತನಿಗೆ ಬೆಟ್ಟದ ಹುಲ್ಲಿಗೂ ತನ್ನ ನಾಲೆಗೂ ಇರುವ ಸಂಬಂಧವನ್ನು ತಿಳಿಹೇಳುವುದು ಕಷ್ಟವಾಗಲಿಲ್ಲ.

ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿ ಹೆಸರಾದ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. 1995ರಿಂದ ನಡೆದುಬಂದಿದ್ದ ಗೋದಾವರ್ಮನ್ ಅರಣ್ಯ ಪ್ರಕರಣದ ಅಂಗವಾಗಿ ಅದರ ವಿಚಾರಣೆ ನಡೆದು, 2002ರ ಅಕ್ಟೋಬರ್ 30ರಂದು ತೀರ್ಪು ಹೊರಬಂದಿತು. ಪರಿಸರವನ್ನು ಕಾಪಾಡುವ ಹೊಣೆಯನ್ನು ಪ್ರಭುತ್ವಕ್ಕೆ ವಹಿಸುವ ಸಂವಿಧಾನದ 48ಎ ವಿಧಿಯೂ, ಅದನ್ನು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆನ್ನುವ 51ಎ ವಿಧಿಯೂ ಅಲ್ಲಿ ಚರ್ಚೆಗೆ ಬಂದವು. ಆಗಲೇ ಅಗೆದಿದ್ದ ಪ್ರದೇಶದಲ್ಲಿ ಮಾತ್ರ 2005ರ ಅಂತ್ಯದವರೆಗೆ ಗಣಿಗಾರಿಕೆ ನಡೆಯಬಹುದು, ಅನಂತರ ನಿಲ್ಲಬೇಕು ಎಂಬುದು ತೀರ್ಪಿನ ಸಾರ. 2005ರ ಡಿಸೆಂಬರ್ 31ರಂದು ಗಣಿ ನಿಂತಿತು. ಗಂಗ್ರಿಕಲ್ಲು, ನೆಲ್ಲಿಬೀಡುಗಳು ಅಗೆತದಿಂದ ಪಾರಾದವು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ ತಾಣಗಳಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಸೇರಿದೆ.

6. ಗೆಲುವಿನ ಮಿತಿಗಳು

ಈ ಕಥನವನ್ನು ಬರಿಯ ವಿಜಯಗಾಥೆಯಾಗಿ ಹೇಳಿದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಗಣಿಯ ಸುತ್ತ ಒಂದು ಊರೇ ಬೆಳೆದಿತ್ತು. ಶಾಲೆ, ಆಸ್ಪತ್ರೆ, ಮನೆಗಳ ಸಾಲುಗಳಿದ್ದ ಕುದುರೆಮುಖ ಪಟ್ಟಣ ಕೆಲವೇ ವರ್ಷಗಳಲ್ಲಿ ಬಹುಪಾಲು ಬರಿದಾಯಿತು. ಅಲ್ಲಿ ಹುಟ್ಟಿ ಬೆಳೆದ ಕಾರ್ಮಿಕರ ಮಕ್ಕಳಿಗೆ ಊರು ಎಂಬುದು ನೆನಪಾಗಿ ಉಳಿಯಿತು. ಅವರ ನಷ್ಟವನ್ನು ಲೆಕ್ಕಕ್ಕೆ ಹಿಡಿಯದೆ ನಿಸರ್ಗದ ಲಾಭವನ್ನು ಎಣಿಸುವುದು ನ್ಯಾಯವಲ್ಲ.

ಇನ್ನೊಂದು ಸಂಕಟ ಕಾಡಿನೊಳಗೆ ತಲೆಮಾರುಗಳಿಂದ ಬಾಳಿದ ಮಲೆಕುಡಿಯ ಮೊದಲಾದ ಸಮುದಾಯಗಳದ್ದು. ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಹೊರಬಿದ್ದಾಗ ಒಕ್ಕಲೆಬ್ಬಿಸುವಿಕೆಯ ಭಯ ಅವರನ್ನು ಆವರಿಸಿತು. ಬೆಟ್ಟವನ್ನು ಯಂತ್ರಗಳಿಂದ ಕಡಿದವರಿಗೂ, ಒರತೆಯ ನೀರನ್ನು ಗದ್ದೆಗೆ ತಿರುಗಿಸಿಕೊಂಡು ಬಾಳಿದವರಿಗೂ ಒಂದೇ ಕಾಯಿದೆಯ ಭಾಷೆ ಅನ್ವಯವಾದದ್ದು ಆ ಜನರಿಗೆ ಕಹಿಯಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಅರಣ್ಯವಾಸಿಗಳ ಹಕ್ಕುಗಳನ್ನು ಮಾನ್ಯ ಮಾಡುವ ಕಾಯಿದೆ ಬಂದದ್ದು 2006ರಲ್ಲಿ, ಗಣಿ ನಿಂತ ಮೇಲೆ.

ಮೂರನೆಯದಾಗಿ, ಗಣಿ ನಿಂತರೂ ಅದರ ಹೊಣೆ ನಿಲ್ಲುವುದಿಲ್ಲ. ಲಕ್ಯಾ ಕಟ್ಟೆಯ ಹಿಂದೆ ಕಾಲು ಶತಮಾನದ ಹೂಳು ತಂಗಿದೆ. ಪ್ರತಿ ಮಳೆಗಾಲದಲ್ಲಿಯೂ ಆ ಕಟ್ಟೆ ಭದ್ರವಾಗಿರುವಂತೆ ನೋಡಿಕೊಳ್ಳಬೇಕು. ಅದಿರನ್ನು ಮಾರಿದ ಲೆಕ್ಕ ಅಂದೇ ಮುಗಿದಿದೆ. ಹೂಳನ್ನು ಕಾಯುವ ಲೆಕ್ಕಕ್ಕೆ ಕೊನೆಯ ಪುಟವಿಲ್ಲ. ಹೊಸ ಗಣಿಯೊಂದರ ಪ್ರಸ್ತಾವವನ್ನು ತೂಗುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

7. ಕೆಳಪಾತ್ರದ ಪಾಲುದಾರರು

ಕುದುರೆಮುಖದ ಪ್ರಶ್ನೆ ಕರ್ನಾಟಕದ ಗಡಿಯೊಳಗೆ ಮುಗಿಯುವುದಿಲ್ಲ. ತುಂಗಭದ್ರೆ ಹೊಸಪೇಟೆಯನ್ನು ದಾಟಿ ಆಂಧ್ರವನ್ನು ಪ್ರವೇಶಿಸುತ್ತದೆ. ಮಂತ್ರಾಲಯವನ್ನೂ ಕರ್ನೂಲನ್ನೂ ಹಾದು ಮುಂದೆ ಕೃಷ್ಣೆಯನ್ನು ಸೇರುತ್ತದೆ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಲ್ಲಿನ ಕನ್ನಡಿಗರು ಆಡಳಿತದ ದೃಷ್ಟಿಯಿಂದ ಹೊರನಾಡಿನವರಾದರು. ಆದರೆ ತುಂಗಭದ್ರಾ ನಾಲೆಗಳ ನೀರು ಗಡಿಯ ಎರಡೂ ಬದಿಯ ಹೊಲಗಳಿಗೆ ಹರಿಯಿತು. ಗಂಗಾಮೂಲದ ಹುಲ್ಲು ಹಿಡಿದಿಟ್ಟ ಮಳೆಯಲ್ಲಿ ಅವರಿಗೂ ಪಾಲಿದೆ. ರಾಜ್ಯಗಳು ವಿಂಗಡಣೆಯಾದ ಬಗೆಯಲ್ಲಿ ನದಿಯ ಬಾಂಧವ್ಯ ವಿಂಗಡಣೆಯಾಗಲಿಲ್ಲ.

ಹೊಸಪೇಟೆಯ ಜಲಾಶಯ ಈ ಮಾತಿಗೆ ಇನ್ನೊಂದು ಸಾಕ್ಷಿ. ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿಗಳಷ್ಟಿದ್ದ ಅದರ ಧಾರಣಶಕ್ತಿ, 2016ರ ಸರ್ವೇಕ್ಷಣೆಯ ಪ್ರಕಾರ ಸುಮಾರು 105 ಟಿ.ಎಂ.ಸಿ. ಅಡಿಗಳಿಗೆ ಇಳಿದಿತ್ತು. ಈ ಹೂಳಿಗೆ ಯಾವುದೋ ಒಂದು ಗಣಿಯನ್ನು ಹೊಣೆ ಮಾಡಲಾಗದು. ಕಾಡಿನ ನಾಶ, ಬೇಸಾಯದ ನೆಲದ ಸವಕಳಿ, ಸುತ್ತಣ ಗಣಿಗಳು ಎಲ್ಲವೂ ಅದರಲ್ಲಿ ಪಾಲುಗೊಂಡಿವೆ. ಆದರೆ ಮೇಲೆ ಸಡಿಲಗೊಂಡ ಮಣ್ಣು ಕೆಳಗೆ ಯಾರದೋ ನೀರಿನ ಜಾಗವನ್ನು ಕಬಳಿಸುತ್ತದೆ ಎಂಬ ನಿಯಮಕ್ಕೆ ಅಪವಾದವಿಲ್ಲ.

ಜಲಾಶಯದ ಕೆಳಗೆ, ಬಂಡೆಗಳ ನಡುವೆ ನದಿ ಕವಲೊಡೆದು ಹರಿಯುವಲ್ಲಿ, ನೀರುನಾಯಿಗಳ ನೆಲೆಯಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು. ನೀರುನಾಯಿಗೆ ಮೀನು ತುಂಬಿದ ಮಡುಗಳು ಬೇಕು. ಬಂಡೆಯ ಸಂದು, ಮರಳಿನ ದಿಬ್ಬ, ಜೊಂಡಿನ ದಡಗಳೂ ಬೇಕು. ಮರಳನ್ನು ಬಾಚಿ, ಬಂಡೆಯನ್ನು ಸಿಡಿಸಿದರೆ ಅದಕ್ಕೆ ಮರಿ ಹಾಕುವ ತಾವೇ ಇಲ್ಲವಾಗುತ್ತದೆ. ಬೆಟ್ಟದ ಗಣಿಯಷ್ಟೇ ನದಿಯ ಒಡಲಿನ ಮರಳು ಗಣಿಯೂ ಆತಂಕಕಾರಿ ಎಂಬುದಕ್ಕೆ ಈ ಪ್ರಾಣಿಯ ಬದುಕು ಸಾಕ್ಷಿಯಾಗಿದೆ.

ತುಂಗಭದ್ರೆಯ ಜಲಾನಯನಕ್ಕೆ ಸೇರಿದ ಸಂಡೂರಿನ ಬೆಟ್ಟಗಳಲ್ಲಿ ಪ್ರಶ್ನೆ ಮತ್ತೆ ತಲೆಯೆತ್ತಿತು. ಕುದುರೆಮುಖದಲ್ಲಿ ಕೆಲಸ ನಿಲ್ಲಿಸಿದ ಕಂಪನಿಗೇ ದೇವದಾರಿ ಬೆಟ್ಟಸಾಲಿನ ಸುಮಾರು 400 ಹೆಕ್ಟೇರ್ ಅರಣ್ಯಭೂಮಿಯನ್ನು ಕೊಡುವ ಪ್ರಸ್ತಾವ 2024ರಲ್ಲಿ ತೀವ್ರ ಚರ್ಚೆಗೆ ಒಳಗಾಯಿತು. ಭೂಮಿಯನ್ನು ಹಸ್ತಾಂತರಿಸಕೂಡದೆಂದು ರಾಜ್ಯದ ಅರಣ್ಯ ಸಚಿವರು ಆ ವರ್ಷದ ಜೂನ್‌ನಲ್ಲಿ ಸೂಚಿಸಿದರು. ಒಂದು ಬೆಟ್ಟದ ಪಾಠ ಇನ್ನೊಂದು ಬೆಟ್ಟಕ್ಕೆ ತಾನಾಗಿ ಅನ್ವಯವಾಗುವುದಿಲ್ಲ. ಪ್ರತಿ ಸಲವೂ ಅದನ್ನು ಮೊದಲಿನಿಂದ ವಾದಿಸಿ ಸ್ಥಾಪಿಸಬೇಕಾಗುತ್ತದೆ.

8. ವ್ಯಾಖ್ಯೆಯ ಹೊಣೆ

1971ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ರೂಪುಗೊಂಡ ಜೌಗುಭೂಮಿಗಳ ಅಂತರರಾಷ್ಟ್ರೀಯ ಒಡಂಬಡಿಕೆ ನದಿಯನ್ನೂ ಕೆರೆಯನ್ನೂ ಅಳಿವೆಯನ್ನೂ ಒಂದೇ ಕುಟುಂಬಕ್ಕೆ ಸೇರಿಸುತ್ತದೆ. ಭಾರತ 1982ರಲ್ಲಿ ಅದಕ್ಕೆ ಸೇರಿತು. ಕರ್ನಾಟಕದಲ್ಲಿ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಆ ಪಟ್ಟಿಯಲ್ಲಿ ಸ್ಥಾನ ಪಡೆದವು. ಆದರೆ ಭಾರತದಲ್ಲಿ 2017ರಲ್ಲಿ ಜಾರಿಗೆ ಬಂದ ಜೌಗುಭೂಮಿ ನಿಯಮಗಳ ವ್ಯಾಖ್ಯೆ ನದಿಪಾತ್ರವನ್ನೂ ಭತ್ತದ ಗದ್ದೆಯನ್ನೂ ಹೊರಗಿಡುತ್ತದೆ. ಕುದುರೆಮುಖವನ್ನು ಉಳಿಸಿದ್ದು ಜೌಗುಭೂಮಿಯ ಕಾಯಿದೆಯಲ್ಲ. ಅರಣ್ಯ ಮತ್ತು ವನ್ಯಜೀವಿ ಕಾಯಿದೆಗಳು. ಕಾಡೆಂದಾಗಲಿ ಜೌಗೆಂದಾಗಲಿ ಹೆಸರು ದೊರೆಯದ ನೀರಿನ ತಾಣಕ್ಕೆ ರಕ್ಷಣೆಯ ಆಸರೆ ಬಹಳ ತೆಳುವಾದುದು.

ಇಲ್ಲಿ ಭಾಷೆಯ ವಿದ್ವಾಂಸರಿಗೂ ಕೆಲಸವಿದೆ. ಹಡ್ಲು, ಜಡ್ಡಿ, ಒರತೆ, ಊಟೆ, ಮಡು ಮೊದಲಾದ ಪದಗಳು ನಿಘಂಟಿನ ಅಲಂಕಾರಗಳಲ್ಲ. ಒಂದೊಂದೂ ಒಂದೊಂದು ಬಗೆಯ ನೆಲವನ್ನು ಗುರುತಿಸುವ ಸಾಧನ. ಕಂದಾಯದ ಭಾಷೆಯಲ್ಲಿ 'ಖರಾಬು' ಎಂದು ಒಂದೇ ಮಾತಿನಲ್ಲಿ ಅಡಗಿಹೋದ ವೈವಿಧ್ಯವನ್ನು ಈ ಪದಗಳು ಬಿಡಿಸಿ ತೋರಬಲ್ಲವು. ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ, ಗಡಿಯಾಚೆಯ ಆದವಾನಿ, ರಾಯದುರ್ಗಗಳ ಕನ್ನಡದಲ್ಲಿ ನೀರಿನ ತಾಣಗಳಿಗೆ ಇರುವ ಹೆಸರುಗಳನ್ನು, ಆಯಾ ತಾಣದ ಜೀವಜಾಲದ ವಿವರಗಳೊಡನೆ ಸಂಗ್ರಹಿಸುವುದು ಜಾನಪದ ಮತ್ತು ಭಾಷಾವಿಜ್ಞಾನದ ವಿದ್ಯಾರ್ಥಿಗಳು ಕೈಗೊಳ್ಳಬಹುದಾದ ಅಧ್ಯಯನ. ಮುಂದೊಂದು ದಿನ ಯಾವುದಾದರೂ ಕಣಿವೆಯ ಬಗ್ಗೆ ವಾದ ಎದ್ದಾಗ, ಇದು ಬರಿಯ ಹುಲ್ಲು, ಬರಿಯ ಕೆಸರು ಎಂಬ ಮಾತಿಗೆ ಉತ್ತರ ಕೊಡಲು ಅಂಥ ಸಂಗ್ರಹ ನೆರವಾಗುತ್ತದೆ. ಗಂಗ್ರಿಕಲ್ಲಿನ ದಿಣ್ಣೆಗಳಲ್ಲಿ ಹುಲ್ಲು ಇಂದಿಗೂ ಮಳೆಯನ್ನು ಹಿಡಿಯುತ್ತಿರುವುದಕ್ಕೆ ಕಾರಣ, ಆ ಹುಲ್ಲಿಗೂ ನೂರಾರು ಮೈಲಿ ಕೆಳಗಿನ ನದಿಗೂ ಇರುವ ನಂಟನ್ನು ಕೆಲವರು ಸಕಾಲದಲ್ಲಿ ಹೆಸರಿಸಿ ಹೇಳಿದ್ದು.